ತೋಳಿನ ಮೇಲೊಂದು ಕಪ್ಪು ಪಟ್ಟಿ



1999ನೇ ಇಸವಿ ಮೇ 19. ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ಭಾರತಕ್ಕೂ ಜಿಂಬಾಬ್ವೆಗೂ ವಿಶ್ವಕಪ್ ಕ್ರಿಕೆಟ್ ಪಂದ್ಯ. ನಿಮ್ಮಲ್ಲಿ ಬಹುತೇಕರು ಆಗ ಹುಟ್ಟಿರಲಿಲ್ಲ. ಮನೆಯಲ್ಲಿ ಅಪ್ಪನನ್ನೋ ಚಿಕ್ಕಪ್ಪನನ್ನೋ ಕೇಳಿ ನೋಡಿ, ಆ ರಾತ್ರಿಯ ಸಂಕಟ ಅವರಿಗೆ ಇನ್ನೂ ನೆನಪಿರಬಹುದು. ಭಾರತ ಗೆಲ್ಲಲು ಎರಡು ಓವರುಗಳಲ್ಲಿ 9 ರನ್ ಬೇಕಾಗಿತ್ತು. ಕೈಯಲ್ಲಿ ಮೂರು ವಿಕೆಟ್ ಇದ್ದವು. ನಮ್ಮ ಜಾವಗಲ್ ಶ್ರೀನಾಥ್ ಎರಡು ಸಿಕ್ಸರ್ ಬಾರಿಸಿ ಗೆಲುವನ್ನು ಹತ್ತಿರಕ್ಕೆ ಎಳೆದು ತಂದಿದ್ದರು. ಆಗ ಚೆಂಡು ಕೈಗೆತ್ತಿಕೊಂಡವನು ಹೆನ್ರಿ ಒಲಾಂಗ ಎಂಬ ತರುಣ ವೇಗದ ಬೌಲರ್. ಅದೊಂದೇ ಓವರಿನಲ್ಲಿ ರಾಬಿನ್ ಸಿಂಗ್ ಔಟಾದರು, ಶ್ರೀನಾಥ್ ಔಟಾದರು, ಕೊನೆಗೆ ಬಂದ ವೆಂಕಟೇಶ್ ಪ್ರಸಾದ್ ಕೂಡ ಔಟಾದರು. ಭಾರತ 3 ರನ್ನುಗಳಿಂದ ಸೋತಿತು.

ಕರ್ನಾಟಕದ ಇಬ್ಬರು ಬೌಲರುಗಳ ವಿಕೆಟ್ ಕಿತ್ತು ನಮ್ಮನ್ನು ಅಳಿಸಿದ ಆ ಒಲಾಂಗನ ಬಗ್ಗೆ ಇಂದು ನಾನು ಮಾತಾಡಬೇಕಾಗಿದೆ. ಅವರ ಬೌಲಿಂಗಿನ ಬಗ್ಗೆ ಅಲ್ಲ. ನಾಲ್ಕು ವರ್ಷಗಳ ನಂತರ, ಮುಂದಿನ ವಿಶ್ವಕಪ್ಪಿನಲ್ಲಿ, ಅವರು ತೋಳಿಗೆ ಕಟ್ಟಿಕೊಂಡ ಒಂದು ಕಪ್ಪು ಪಟ್ಟಿಯ ಬಗ್ಗೆ.

ಈ ವಿಷಯ ಆರಿಸಿಕೊಳ್ಳಲು ಒಂದು ಕಾರಣವಿದೆ. ಹಾಸನದ ಕಡೆಯ ಕಾಲೇಜುಗಳಲ್ಲಿ, ಹೊಳೆನರಸೀಪುರವಾಗಲಿ, ಅರಕಲಗೂಡಾಗಲಿ, ಚನ್ನರಾಯಪಟ್ಟಣವಾಗಲಿ, ಕ್ರೀಡೆಯ ಬಗ್ಗೆ ಮಾತು ಬಂದಾಗಲೆಲ್ಲ ಹುಡುಗರು ಕೇಳುವ ಪ್ರಶ್ನೆಯೊಂದಿದೆ: "ಆಟಗಾರನಿಗೆ ರಾಜಕೀಯ ಯಾಕೆ ಸಾರ್? ಆಡಿ ಬರೋದಲ್ವಾ ಅವನ ಕೆಲಸ?" ನನಗೆ ಒಳಗೊಳಗೇ ನಗು ಬರುತ್ತದೆ. ಹಾಸನ ಜಿಲ್ಲೆಯವರಿಗೆ ರಾಜಕೀಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರೊಬ್ಬರು 1996ರಲ್ಲಿ ಈ ದೇಶದ ಪ್ರಧಾನಿಯಾದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಆರುವಷ್ಟರಲ್ಲಿ ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ಎಲ್ಲವೂ ಚರ್ಚೆಯಾಗುವ ಸೀಮೆ ಇದು. ರೈತ ಮಾತಾಡಬಹುದು, ಮೇಷ್ಟ್ರು ಮಾತಾಡಬಹುದು, ವಿದ್ಯಾರ್ಥಿಯೂ ಮಾತಾಡಬಹುದು. ಆಟಗಾರನಿಗೆ ಮಾತ್ರ ಬಾಯಿ ಬೇಡವೆ? ಆದರೆ ಹುಡುಗರ ಪ್ರಶ್ನೆಯನ್ನು ಹಾಗೆ ನಕ್ಕು ತಳ್ಳಿಹಾಕುವಂತೆಯೂ ಇಲ್ಲ. ಪ್ರತಿ ಆಟಗಾರನೂ ತನಗೆ ತೋಚಿದ ಘೋಷಣೆಯನ್ನು ಅಂಗಿಯ ಮೇಲೆ ಬರೆದುಕೊಂಡು ಬಂದರೆ ಮೈದಾನಕ್ಕೂ ಚುನಾವಣಾ ಸಭೆಗೂ ಏನು ವ್ಯತ್ಯಾಸ ಉಳಿಯುತ್ತದೆ? ಹತ್ತು ಪಕ್ಷದವರು ಒಂದೇ ಗ್ಯಾಲರಿಯಲ್ಲಿ ಕೂತು ಒಂದೇ ತಂಡಕ್ಕೆ ಚಪ್ಪಾಳೆ ತಟ್ಟುವ ಜಾಗ ಅದೊಂದೇ ಉಳಿದಿದೆ. ಅದನ್ನು ಕೆಡಿಸಬಾರದೆನ್ನುವವರ ಮಾತಿಗೆ ತೂಕವಿದೆ.

ಈಗ ಹರಾರೆಗೆ ಬರೋಣ. ಜಿಂಬಾಬ್ವೆ ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ದೇಶ, 1980ರಲ್ಲಿ ಸ್ವತಂತ್ರವಾಯಿತು. ಸ್ವಾತಂತ್ರ್ಯ ಹೋರಾಟದ ನಾಯಕ ರಾಬರ್ಟ್ ಮುಗಾಬೆಯವರೇ ಅಲ್ಲಿಂದಾಚೆಗೆ ಅಧಿಕಾರದಲ್ಲಿದ್ದರು. 2000ದಿಂದ ಬಿಳಿಯರ ದೊಡ್ಡ ಜಮೀನುಗಳನ್ನು ಬಲವಂತವಾಗಿ ವಶಪಡಿಸಿಕೊಳ್ಳುವ ಕಾರ್ಯ ಆರಂಭವಾಯಿತು. ಬಿಳಿಯರ ಕೈಯಲ್ಲಿ ಅಷ್ಟೊಂದು ಭೂಮಿ ಇದ್ದದ್ದು ಅನ್ಯಾಯವೇ, ಅದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಸರಿಪಡಿಸಲು ಹಿಡಿದ ದಾರಿಯಲ್ಲಿ ಹಿಂಸೆ ನಡೆಯಿತು, ಜಮೀನುಗಳಲ್ಲಿ ಕೂಲಿ ಮಾಡುತ್ತಿದ್ದ ಕರಿಯ ಕುಟುಂಬಗಳೂ ಬೀದಿಗೆ ಬಿದ್ದವು, ವಿರೋಧ ಪಕ್ಷದವರ ಮೇಲೆ ಹಲ್ಲೆಗಳಾದವು, ಆಹಾರದ ಅಭಾವ ತಲೆದೋರಿತು. 2002ರ ಅಧ್ಯಕ್ಷೀಯ ಚುನಾವಣೆಯ ಬಳಿಕ ಕಾಮನ್‌ವೆಲ್ತ್ ಸಂಘಟನೆ ಜಿಂಬಾಬ್ವೆಯ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ಇಂಥ ದೇಶದಲ್ಲಿ 2003ರ ವಿಶ್ವಕಪ್ಪಿನ ಕೆಲವು ಪಂದ್ಯಗಳು ಏರ್ಪಾಡಾಗಿದ್ದವು. ದೇಶದ ಕ್ರಿಕೆಟ್ ಸಂಸ್ಥೆಗೆ ಪೋಷಕರು ಯಾರೆಂದುಕೊಂಡಿರಿ? ಸ್ವತಃ ಮುಗಾಬೆ. ಹರಾರೆಯ ಕ್ರಿಕೆಟ್ ಮೈದಾನದ ಹತ್ತಿರದಲ್ಲೇ ಅಧ್ಯಕ್ಷರ ನಿವಾಸ.

ಆ ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್ ಆಂಡಿ ಫ್ಲವರ್. ಬಿಳಿಯರು. ಜಮೀನು ಕಳೆದುಕೊಂಡಿದ್ದ ಅವರ ಸ್ನೇಹಿತರೊಬ್ಬರು, ಜಗತ್ತೇ ನೋಡುತ್ತಿರುವಾಗ ಏನೂ ಆಗಿಲ್ಲವೆಂಬಂತೆ ಆಡುವುದು ಸರಿಯೇ ಎಂದು ಕೇಳಿದರಂತೆ. ಆ ಮಾತು ಫ್ಲವರ್ ಅವರಿಗೆ ನಾಟಿತು. ಇಡೀ ತಂಡವೇ ಆಟ ಬಹಿಷ್ಕರಿಸಬೇಕೆ ಎಂಬ ಯೋಚನೆ ಮೊದಲು ಬಂತು. ವಕೀಲರೂ ವಿರೋಧ ಪಕ್ಷದ ಸಂಸತ್ ಸದಸ್ಯರೂ ಆಗಿದ್ದ ಡೇವಿಡ್ ಕೋಲ್ಟಾರ್ಟ್ ಅವರ ಸಲಹೆ ಬೇರೆಯಾಗಿತ್ತು: ಇಬ್ಬರೇ ಸಾಕು, ಆದರೆ ಒಬ್ಬ ಬಿಳಿಯ, ಒಬ್ಬ ಕರಿಯ. ಬಿಳಿಯರೊಬ್ಬರೇ ಮಾತಾಡಿದರೆ ಜಮೀನು ಹೋದ ಸಿಟ್ಟು ಎಂದು ಸರ್ಕಾರ ಸುಲಭವಾಗಿ ತಳ್ಳಿಹಾಕುತ್ತಿತ್ತು. ಫ್ಲವರ್ ಹೋಗಿ ಕೇಳಿದ್ದು ಹೆನ್ರಿ ಒಲಾಂಗ ಅವರನ್ನು. 1995ರಲ್ಲಿ ಜಿಂಬಾಬ್ವೆ ಪರ ಆಡಿದ ಮೊಟ್ಟಮೊದಲ ಕರಿಯ ಆಟಗಾರ ಒಲಾಂಗ. ಹಾಡುಗಾರರೂ ಹೌದು, 2001ರಲ್ಲಿ ಅವರು ಹಾಡಿದ್ದ ದೇಶಭಕ್ತಿ ಗೀತೆಯೊಂದು ಆ ದೇಶದಲ್ಲಿ ಜನಪ್ರಿಯವಾಗಿತ್ತು. ಅಂಥವರನ್ನು ದೇಶದ್ರೋಹಿ ಎನ್ನುವುದು ಅಷ್ಟು ಸುಲಭವಲ್ಲವೆಂದು ನೀವು ಅಂದುಕೊಳ್ಳಬಹುದು. ತಾಳಿ, ಅದಕ್ಕೆ ಬರುತ್ತೇನೆ.

2003ರ ಫೆಬ್ರುವರಿ 10, ನಮೀಬಿಯಾ ವಿರುದ್ಧದ ಪಂದ್ಯ. ಆಟ ಶುರುವಾಗುವ ಮುನ್ನ ಇಬ್ಬರ ಸಹಿಯಿದ್ದ ಒಂದು ಹೇಳಿಕೆ ಪತ್ರಕರ್ತರ ಕೈ ಸೇರಿತು. ನಮ್ಮ ಪ್ರೀತಿಯ ದೇಶದಲ್ಲಿ ಪ್ರಜಾಪ್ರಭುತ್ವ ಸತ್ತಿದೆ, ಅದರ ಸೂತಕಕ್ಕಾಗಿ ಈ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದೇವೆ ಎಂಬುದು ಅದರ ಸಾರ. ಪಟ್ಟಿ ಎಂದರೆ ದರ್ಜಿಯಿಂದ ಹೊಲಿಸಿದ್ದೇನಲ್ಲ, ಕಪ್ಪು ಟೇಪು. ಬೈದಾಟವಿಲ್ಲ, ಕೂಗಾಟವಿಲ್ಲ, ಆಟಕ್ಕೆ ಒಂದು ನಿಮಿಷದ ಅಡ್ಡಿಯಿಲ್ಲ. ಫ್ಲವರ್ ಅದನ್ನು ಕಟ್ಟಿಕೊಂಡೇ ಬಂದು ಬ್ಯಾಟ್ ಮಾಡಿದರು, ಜಿಂಬಾಬ್ವೆ ಗೆದ್ದಿತು. ಈ ಪ್ರತಿಭಟನೆಯಲ್ಲಿ ನನಗೆ ಹಿಡಿಸಿದ್ದು ಇದೇ: ಅವರು ಆಡಲು ಒಪ್ಪಿಕೊಂಡ ಕೆಲಸವನ್ನು ಪೂರ್ತಿ ಮಾಡಿದರು, ಹೇಳಬೇಕಾದ್ದನ್ನೂ ಪೂರ್ತಿ ಹೇಳಿದರು.

ಒಂಬತ್ತು ದಿನ ಕಳೆದು, ಫೆಬ್ರುವರಿ 19ರಂದು, ಅದೇ ಮೈದಾನಕ್ಕೆ ಭಾರತ ತಂಡ ಇಳಿಯಿತು. ಹೊಸ ಚೆಂಡು ಹಿಡಿದವರಲ್ಲಿ ಶ್ರೀನಾಥ್ ಇದ್ದರು, ತಂಡದಲ್ಲಿ ರಾಹುಲ್ ದ್ರಾವಿಡ್ ಇದ್ದರು. ಭಾರತ 83 ರನ್ನುಗಳಿಂದ ಗೆದ್ದಿತು. ತೋಳಿನ ಪಟ್ಟಿ ಬೇಡವೆಂದು ಐಸಿಸಿ ಅಷ್ಟರಲ್ಲಿ ಕೇಳಿಕೊಂಡಿತ್ತು. ಅದರ ಬದಲು ಅವರಿಬ್ಬರು ಮಣಿಕಟ್ಟಿಗೆ ಕಪ್ಪು ಪಟ್ಟಿ ಹಾಕಿಕೊಳ್ಳತೊಡಗಿದ್ದರು. ನಮ್ಮವರು ಆಡಿ, ಗೆದ್ದು, ಬಂದರು. ಅವರು ಏನಾದರೂ ಹೇಳಬೇಕಿತ್ತೆಂದು ನಾನು ಹೇಳುತ್ತಿಲ್ಲ. ಬೇರೆಯವರ ಮನೆಯ ಜಗಳದಲ್ಲಿ ಅತಿಥಿ ಹೇಗೆ ನಡೆದುಕೊಳ್ಳಬೇಕೆಂಬುದು ಕಷ್ಟದ ಪ್ರಶ್ನೆ. ಇಂಗ್ಲೆಂಡ್ ತಂಡ ಹರಾರೆಗೆ ಹೋಗಲೇ ಇಲ್ಲ. ಭದ್ರತೆಯ ಕಾರಣ ಕೊಟ್ಟು ಪಂದ್ಯ ಬಿಟ್ಟುಕೊಟ್ಟಿತು, ಅಂಕ ಕಳೆದುಕೊಂಡು ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಏಕೆಂದರೆ ತೋಳಿನ ಪಟ್ಟಿಯ ಮಾತು ಬಂದಾಗ ಎಲ್ಲರಿಗೂ ನೆನಪಾಗುವುದು 1968ರ ಮೆಕ್ಸಿಕೋ ಒಲಿಂಪಿಕ್ಸ್. ಅಕ್ಟೋಬರ್ 16ರಂದು 200 ಮೀಟರ್ ಓಟದಲ್ಲಿ ಅಮೆರಿಕದ ಟಾಮಿ ಸ್ಮಿತ್ 19.83 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಮೂರನೆಯವರು ಅದೇ ದೇಶದ ಜಾನ್ ಕಾರ್ಲೋಸ್. ರಾಷ್ಟ್ರಗೀತೆ ಮೊಳಗುವಾಗ ಇಬ್ಬರೂ ತಲೆ ತಗ್ಗಿಸಿ, ಕಪ್ಪು ಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿದರು. ಬೂಟಿಲ್ಲದೆ, ಕಪ್ಪು ಕಾಲುಚೀಲದಲ್ಲಿ ನಿಂತಿದ್ದರು. ತಮ್ಮ ಜನರ ಬಡತನದ ಗುರುತಾಗಿ. ಆ ಚಿತ್ರವನ್ನು ನೀವು ಪುಸ್ತಕಗಳಲ್ಲಿ ನೋಡಿರುತ್ತೀರಿ. ಮುಂದಿನ ಸಲ ನೋಡುವಾಗ ಎರಡನೇ ಸ್ಥಾನದಲ್ಲಿ ನೆಟ್ಟಗೆ ನಿಂತಿರುವ ಬಿಳಿಯನನ್ನು ಗಮನಿಸಿ. ಆತ ಆಸ್ಟ್ರೇಲಿಯಾದ ಪೀಟರ್ ನಾರ್ಮನ್. ಕಾರ್ಲೋಸ್ ತಮ್ಮ ಗವಸು ಮರೆತು ಬಂದಿದ್ದರು. ಇರುವ ಒಂದು ಜೊತೆಯನ್ನೇ ಇಬ್ಬರೂ ಹಂಚಿಕೊಳ್ಳಿ ಎಂದು ಸೂಚಿಸಿದವರು ನಾರ್ಮನ್. ಅದಕ್ಕೇ ಚಿತ್ರದಲ್ಲಿ ಒಬ್ಬರ ಬಲಗೈ, ಇನ್ನೊಬ್ಬರ ಎಡಗೈ ಮೇಲಿದೆ. ನಾರ್ಮನ್ ತಾವು ಕೈ ಎತ್ತಲಿಲ್ಲ, ಆದರೆ ಮಾನವ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಆ ಕ್ರೀಡಾಪಟುಗಳ ಬಿಲ್ಲೆಯೊಂದನ್ನು ಕೇಳಿ ಪಡೆದು ಎದೆಗೆ ಸಿಕ್ಕಿಸಿಕೊಂಡರು.

ಸ್ಮಿತ್ ಮತ್ತು ಕಾರ್ಲೋಸ್ ಅವರನ್ನು ಕ್ರೀಡಾಗ್ರಾಮದಿಂದ ಹೊರಗೆ ಕಳುಹಿಸಿದರು. ಹಾಗೆ ಮಾಡಲು ಪಟ್ಟು ಹಿಡಿದವರು ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್. ಕ್ರೀಡೆಯಲ್ಲಿ ರಾಜಕೀಯ ಕೂಡದೆಂಬುದು ಅವರ ವಾದ. ಇದೇ ಬ್ರಂಡೇಜ್ 1936ರಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಯ ಮುಖ್ಯಸ್ಥರಾಗಿದ್ದರು. ಹಿಟ್ಲರನ ಬರ್ಲಿನ್ನಿಗೆ ತಂಡ ಕಳುಹಿಸಬೇಕೆಂದು ಹೋರಾಡಿದವರೂ ಅವರೇ. ಅಲ್ಲಿ ನಾಜಿ ಸಲಾಮು ಹೊಡೆದದ್ದು ಅವರಿಗೆ ರಾಜಕೀಯವೆನಿಸಲಿಲ್ಲ. ನಾರ್ಮನ್ ಅವರನ್ನು 1972ರ ಮ್ಯೂನಿಚ್ ಒಲಿಂಪಿಕ್ಸಿಗೆ ಆಸ್ಟ್ರೇಲಿಯಾ ಕಳುಹಿಸಲಿಲ್ಲ. ಅದು ಶಿಕ್ಷೆಯೇ ಅಲ್ಲವೇ ಎಂಬ ಬಗ್ಗೆ ಅಲ್ಲಿ ವಾದವಿವಾದ ನಿಂತಿಲ್ಲ. ಅಂದು ಅವರು ಓಡಿದ 20.06 ಸೆಕೆಂಡುಗಳ ಓಟ ಮಾತ್ರ 2024ರ ಡಿಸೆಂಬರ್‌ವರೆಗೆ, ಐವತ್ತಾರು ವರ್ಷ, ಆಸ್ಟ್ರೇಲಿಯಾದ ದಾಖಲೆಯಾಗಿ ಉಳಿದಿತ್ತು. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್ ಮತ್ತು ಕಾರ್ಲೋಸ್ ಇದ್ದರು. ಆಸ್ಟ್ರೇಲಿಯಾದ ಸಂಸತ್ತು ಅವರ ಕ್ಷಮೆ ಕೇಳಿದ್ದು 2012ರಲ್ಲಿ.

ಬರ್ಲಿನ್ನಿನ ಹೆಸರು ಬಂದದ್ದರಿಂದ ನಮ್ಮದೊಂದು ಕಥೆ ಹೇಳಿಬಿಡುತ್ತೇನೆ. 1936ರ ಹಾಕಿ ಫೈನಲ್ ನಡೆದದ್ದು ಆಗಸ್ಟ್ 15ರಂದು. ಹನ್ನೊಂದು ವರ್ಷ ಕಳೆದು ಆ ದಿನ ನಮಗೆ ಏನಾಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ತಂಡ ಆಡುತ್ತಿದ್ದುದು ಬ್ರಿಟಿಷ್ ಇಂಡಿಯಾದ ಹೆಸರಿನಲ್ಲಿ. ಅಭ್ಯಾಸ ಪಂದ್ಯವೊಂದರಲ್ಲಿ ಇದೇ ಜರ್ಮನಿಯ ಎದುರು ಸೋತಿದ್ದರಿಂದ ಆಟಗಾರರ ಮನಸ್ಸು ಕುಗ್ಗಿತ್ತು. ಆಗ ತಂಡದ ಮೇಲ್ವಿಚಾರಕರಲ್ಲೊಬ್ಬರಾದ ಪಂಕಜ್ ಗುಪ್ತ ಡ್ರೆಸ್ಸಿಂಗ್ ರೂಮಿನಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನು ಬಿಚ್ಚಿ ತೋರಿಸಿದರು. ಎಲ್ಲರೂ ಅದಕ್ಕೆ ವಂದಿಸಿ ಮೈದಾನಕ್ಕಿಳಿದರು. ಧ್ಯಾನ್‌ಚಂದ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಹೇಳಿದ್ದಾರೆ. ಭಾರತ 8-1ರಿಂದ ಗೆದ್ದಿತು. ಇದು ರಾಜಕೀಯವೆ? ಬ್ರಿಟಿಷರ ಕಣ್ಣಿಗೆ ಖಂಡಿತವಾಗಿ ರಾಜಕೀಯ. ಮುಚ್ಚಿದ ಬಾಗಿಲ ಹಿಂದೆ ನಡೆದದ್ದರಿಂದ ಶಿಕ್ಷೆಯಾಗಲಿಲ್ಲ, ಅಷ್ಟೆ. ಇಂದು ಆ ಪ್ರಸಂಗವನ್ನು ಕೇಳಿ ಯಾರಾದರೂ "ಆಡಿ ಬರೋದಲ್ವಾ ಅವರ ಕೆಲಸ" ಎನ್ನುತ್ತಾರೆಯೆ?

ಆದರೆ ಮಾತಾಡಿದವರೆಲ್ಲ ಧೀರರೆಂದು ತಿಳಿಯಬೇಡಿ. ಬೆಂಗಳೂರಿನಲ್ಲೇ ನಡೆದ ಒಂದು ಪ್ರಸಂಗ ಕೇಳಿ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಇದ್ದ ಕಾಲದಲ್ಲಿ ಭಾರತ ಆ ದೇಶದೊಂದಿಗೆ ಆಟದ ಸಂಬಂಧವನ್ನು ಕಡಿದುಕೊಂಡಿತ್ತು. 1974ರಲ್ಲಿ ಡೇವಿಸ್ ಕಪ್ ಟೆನ್ನಿಸ್ ಫೈನಲ್ ತಲುಪಿದ್ದ ನಮ್ಮ ತಂಡ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡದೆ ಕಪ್ಪನ್ನೇ ಬಿಟ್ಟುಕೊಟ್ಟಿತು. ವಿಜಯ್ ಮತ್ತು ಆನಂದ್ ಅಮೃತರಾಜ್ ಸೋದರರ ತಂಡ ಅದು. ನಿರ್ಧಾರ ಮೇಲಿನಿಂದ ಬಂದದ್ದು, ಕಳೆದುಕೊಂಡವರು ಆಟಗಾರರು. ಇದೇ ನೀತಿಯಿಂದಾಗಿ 1981ರಲ್ಲಿ ಇಂಗ್ಲೆಂಡ್ ಕ್ರಿಕೆಟ್ ತಂಡದ ಭಾರತ ಪ್ರವಾಸವೇ ನಿಂತುಹೋಗುವಂತಾಯಿತು. ಜೆಫ್ ಬಾಯ್ಕಾಟ್ ಮತ್ತು ಜೆಫ್ ಕುಕ್ ಎಂಬಿಬ್ಬರಿಗೆ ದಕ್ಷಿಣ ಆಫ್ರಿಕಾದ ನಂಟಿತ್ತು. ತಾವು ವರ್ಣಭೇದ ನೀತಿಗೆ ವಿರೋಧಿಗಳೆಂದು ಅವರು ಸ್ಪಷ್ಟಪಡಿಸಿದ ಮೇಲೆ ಇಂದಿರಾ ಗಾಂಧಿಯವರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆ ಡಿಸೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೆಸ್ಟ್ ನಡೆಯಿತು. ನಮ್ಮ ವಿಶ್ವನಾಥ್, ಕಿರ್ಮಾನಿ ಆಡಿದರು, ಬಾಯ್ಕಾಟ್ ಕೂಡ ಆಡಿದರು. ಸರಣಿ ಮುಗಿಯುವ ಮೊದಲೇ ಬಾಯ್ಕಾಟ್ ಊರಿಗೆ ಮರಳಿದರು. ಮುಂದಿನ ಮಾರ್ಚ್ ತಿಂಗಳಲ್ಲಿ ಎಲ್ಲಿದ್ದರು ಗೊತ್ತೆ? ದಕ್ಷಿಣ ಆಫ್ರಿಕಾದಲ್ಲಿ, ಹಣಕ್ಕಾಗಿ ಅಲ್ಲಿಗೆ ಹೋದ ಬಂಡಾಯ ತಂಡದಲ್ಲಿ. ಆ ತಂಡದವರಿಗೆಲ್ಲ ಮೂರು ವರ್ಷ ನಿಷೇಧ ಬಿತ್ತು. ವೀಸಾ ಬೇಕಾದಾಗ ಆಡಿದ ಮಾತಿಗೆ ಹೆಚ್ಚು ದಿನದ ಆಯುಸ್ಸೂ ಇರಲಿಲ್ಲ.

ಹಾಗಾದರೆ ಯಾವ ಮಾತಿಗೆ ಬೆಲೆ ಕೊಡಬೇಕು, ಯಾವುದಕ್ಕೆ ಬೇಡ? ನಾನು ನೋಡುವುದು ಒಂದನ್ನು. ಆ ಮಾತಿನಿಂದ ಸಿಟ್ಟಾಗುವವರು ಯಾರು? ದೂರದಲ್ಲಿರುವ ಎದುರಾಳಿಯೋ, ಅಥವಾ ಆಡಿದವನ ಅನ್ನ, ಜಾಗ, ಮನೆ ಯಾರ ಕೈಯಲ್ಲಿವೆಯೋ ಅವರೋ? 2021ರ ಅಕ್ಟೋಬರಿನಲ್ಲಿ ದುಬೈನಲ್ಲಿ ಪಾಕಿಸ್ತಾನದ ವಿರುದ್ಧದ ಪಂದ್ಯಕ್ಕೆ ಮುನ್ನ ನಮ್ಮ ಆಟಗಾರರು ಮಂಡಿಯೂರಿದರು. ಕ್ರೀಸಿಗೆ ಬಂದಿದ್ದ ನಮ್ಮ ಕೆ.ಎಲ್. ರಾಹುಲ್ ಮತ್ತು ರೋಹಿತ್ ಶರ್ಮಾ ಅಲ್ಲಿಯೇ, ಉಳಿದವರು ಬೌಂಡರಿ ಗೆರೆಯ ಬಳಿ. ಕರಿಯರ ಮೇಲಿನ ದೌರ್ಜನ್ಯಕ್ಕೆ ವಿರೋಧದ ಗುರುತು ಅದು. ವಿಷಯ ಒಳ್ಳೆಯದೇ. ಪಂದ್ಯದ ಬಳಿಕ ವಿರಾಟ್ ಕೊಹ್ಲಿ ಹೇಳಿದರು, ಹಾಗೆ ಮಾಡಬೇಕೆಂದು ತಂಡದ ಆಡಳಿತದಿಂದ ಸೂಚನೆ ಬಂದಿತ್ತು ಎಂದು. ಮೇಲಿನವರು ಹೇಳಿ ಮಾಡಿಸುವ ಪ್ರತಿಭಟನೆಯಿಂದ ಯಾರಿಗೂ ನಷ್ಟವಿಲ್ಲ, ಯಾರ ನಿದ್ದೆಯೂ ಕೆಡುವುದಿಲ್ಲ.

ಅದರ ಪಕ್ಕದಲ್ಲಿ ಇಥಿಯೋಪಿಯಾದ ಫೆಯಿಸಾ ಲಿಲೆಸಾ ಎಂಬ ಓಟಗಾರರನ್ನು ಇಟ್ಟು ನೋಡಿ. 2016ರ ರಿಯೋ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳ್ಳಿ. 42 ಕಿಲೋಮೀಟರಿಗೂ ಹೆಚ್ಚು ಓಡಿ ದಣಿದ ದೇಹ, ಗುರಿಯ ಗೆರೆ ದಾಟುವಾಗ ಎರಡು ಕೈಗಳನ್ನೂ ತಲೆಯ ಮೇಲೆ ಎತ್ತಿ ಮಣಿಕಟ್ಟುಗಳನ್ನು ಅಡ್ಡ ಹಿಡಿದರು. ಅವರ ಒರೊಮೊ ಜನಾಂಗದವರು ಆಗ ಸರ್ಕಾರದ ವಿರುದ್ಧ ಹೋರಾಡುತ್ತಿದ್ದರು. ಹೋರಾಟದ ಸಂಜ್ಞೆ ಅದು. ಅವರು ನೆಟ್ಟಗೆ ಮನೆಗೆ ಹೋಗುವಂತಿರಲಿಲ್ಲ. ಅಮೆರಿಕದಲ್ಲಿ ಉಳಿದರು. ಸ್ವದೇಶಕ್ಕೆ ಕಾಲಿಟ್ಟಿದ್ದು ಆಡಳಿತ ಬದಲಾದ ಮೇಲೆ, 2018ರ ಅಕ್ಟೋಬರಿನಲ್ಲಿ.

ಇನ್ನು ನಿಯಮಗಳ ಮಾತು. ಒಲಿಂಪಿಕ್ ಸನ್ನದಿನ 50ನೇ ನಿಯಮ ರಾಜಕೀಯ, ಧಾರ್ಮಿಕ, ಜನಾಂಗೀಯ ಪ್ರಚಾರವನ್ನು ಕ್ರೀಡಾ ತಾಣಗಳಲ್ಲಿ ನಿಷೇಧಿಸುತ್ತದೆ. 2021ರ ಟೋಕಿಯೋ ಕೂಟಕ್ಕೆ ಮುನ್ನ ಅದನ್ನು ಸ್ವಲ್ಪ ಸಡಿಲಿಸಿ, ಸ್ಪರ್ಧೆ ಆರಂಭವಾಗುವ ಮೊದಲು ಅಭಿಪ್ರಾಯ ಸೂಚಿಸಬಹುದು, ಪದಕದ ವೇದಿಕೆಯ ಮೇಲೆ ಮಾತ್ರ ಕೂಡದು ಎಂದರು. ಕ್ರಿಕೆಟಿನಲ್ಲಿ ಬಟ್ಟೆ ಮತ್ತು ಸಲಕರಣೆಯ ನಿಯಮಗಳಿವೆ. ಅನುಮತಿಯಿಲ್ಲದೆ ಯಾವ ಸಂದೇಶವನ್ನೂ ಧರಿಸುವಂತಿಲ್ಲ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ತೊಡಕಿರುವುದು ಅನುಮತಿ ಎಂಬ ಮಾತಿನಲ್ಲಿ. 2014ರಲ್ಲಿ ಸೌತಾಂಪ್ಟನ್ನಿನಲ್ಲಿ ಭಾರತದ ವಿರುದ್ಧದ ಟೆಸ್ಟಿನಲ್ಲಿ ಇಂಗ್ಲೆಂಡಿನ ಮೊಯಿನ್ ಅಲಿ ಗಾಜಾದ ಪರವಾದ ಮಾತುಗಳಿದ್ದ ಮಣಿಕಟ್ಟು ಪಟ್ಟಿ ಹಾಕಿಕೊಂಡರು, ತೆಗೆಸಲಾಯಿತು. 2019ರ ಮಾರ್ಚ್ 8ರಂದು ರಾಂಚಿಯಲ್ಲಿ ಭಾರತ ತಂಡ ಸೈನಿಕರ ಬಣ್ಣದ ಟೋಪಿ ಹಾಕಿಕೊಂಡು ಆಡಿತು; ಪುಲ್ವಾಮಾದಲ್ಲಿ ಮಡಿದವರ ಸ್ಮರಣೆಗಾಗಿ, ಪಂದ್ಯದ ಸಂಭಾವನೆಯನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟು. ಅದಕ್ಕೆ ಮೊದಲೇ ಅನುಮತಿ ಸಿಕ್ಕಿತ್ತು. ಅದೇ ವರ್ಷ ಜೂನಿನಲ್ಲಿ ವಿಶ್ವಕಪ್ಪಿನಲ್ಲಿ ಧೋನಿಯವರ ಗವಸಿನ ಮೇಲಿದ್ದ ಸೇನಾ ಲಾಂಛನವನ್ನು ತೆಗೆಯಿರಿ ಎಂದರು. ಮಡಿದ ಸೈನಿಕರ ಮನೆಯವರಿಗಾಗಿ ಮಾಡಿದ್ದನ್ನು ನಾನು ಹೀಗಳೆಯುವುದಿಲ್ಲ. ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಿಂದಲೂ ಸೇನೆಗೆ ಹೋದವರಿದ್ದಾರೆ. ಆದರೆ ಯಾವುದು ಸ್ಮರಣೆ, ಯಾವುದು ರಾಜಕೀಯ ಎಂದು ಗೆರೆ ಎಳೆಯುವ ಕೈ ಪ್ರತಿಸಲ ಒಂದೇ ಜಾಗದಲ್ಲಿ ಎಳೆಯುವುದಿಲ್ಲ ಎಂಬುದನ್ನು ನೀವು ಕಂಡುಕೊಳ್ಳಬೇಕು.

ಈ ಗೆರೆಯ ಹತ್ತಿರಕ್ಕೆ ನಮ್ಮ ಜಿಲ್ಲೆಯ ಹೆಸರು ಮತ್ತೊಮ್ಮೆ ಬಂತು. ಅರಸೀಕೆರೆ ತಾಲ್ಲೂಕಿನ ಜಾವಗಲ್ ನಿಮಗೆ ಗೊತ್ತು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಊರು. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಆ ಊರನ್ನು ಹೆಸರಿನ ಮುಂದಿಟ್ಟುಕೊಂಡೇ ಜಗತ್ತು ಸುತ್ತಿದರು. ಆಟ ನಿಲ್ಲಿಸಿದ ಮೇಲೆ, 2006ರಿಂದ, ಅವರು ಐಸಿಸಿಯ ಮ್ಯಾಚ್ ರೆಫರಿ. 2023ರ ಡಿಸೆಂಬರಿನಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯಾಕ್ಕೂ ಪಾಕಿಸ್ತಾನಕ್ಕೂ ಟೆಸ್ಟ್ ನಡೆದಾಗ ರೆಫರಿಯಾಗಿದ್ದವರು ಅವರು. ಆಸ್ಟ್ರೇಲಿಯಾದ ಆರಂಭಿಕ ಆಟಗಾರ ಉಸ್ಮಾನ್ ಖ್ವಾಜಾ ತಮ್ಮ ಬೂಟುಗಳ ಮೇಲೆ, ಎಲ್ಲ ಜೀವಗಳೂ ಸಮಾನ, ಸ್ವಾತಂತ್ರ್ಯ ಮನುಷ್ಯನ ಹಕ್ಕು ಎಂಬ ಅರ್ಥದ ಮಾತುಗಳನ್ನು ಬರೆದುಕೊಂಡು ಅಭ್ಯಾಸಕ್ಕೆ ಬಂದಿದ್ದರು. ಗಾಜಾದ ಸಾವುಗಳು ಅವರ ಮನಸ್ಸಿನಲ್ಲಿದ್ದವು. ಪಂದ್ಯದಲ್ಲಿ ಅದು ಕೂಡದೆಂದಾಗ ಅಕ್ಷರಗಳ ಮೇಲೆ ಟೇಪು ಅಂಟಿಸಿಕೊಂಡು ಆಡಿದರು, ತೋಳಿಗೆ ಒಂದು ಕಪ್ಪು ಪಟ್ಟಿ ಕಟ್ಟಿಕೊಂಡರು. ಹರಾರೆಯಲ್ಲಿ ಮಾತನ್ನು ಹೇಳಿದ್ದು ಟೇಪು, ಪರ್ತ್‌ನಲ್ಲಿ ಮಾತನ್ನು ಮುಚ್ಚಿದ್ದೂ ಟೇಪು. ಅನುಮತಿಯಿಲ್ಲದ ಪಟ್ಟಿಗಾಗಿ ಐಸಿಸಿ ಖ್ವಾಜಾಗೆ ಛೀಮಾರಿ ಹಾಕಿತು. ಬೇರೆ ಆಟಗಾರರ ಬ್ಯಾಟಿನ ಮೇಲೆ ಅವರವರ ದೇವರ ಗುರುತುಗಳಿವೆ, ಅವನ್ನು ಯಾರೂ ಕೇಳುವುದಿಲ್ಲವಲ್ಲ ಎಂದು ಅವರು ಪ್ರಶ್ನಿಸಿದರು.

ಶ್ರೀನಾಥ್ ಮನಸ್ಸಿನಲ್ಲಿ ಆಗ ಏನಿತ್ತೋ ನಾವು ಊಹಿಸುವುದು ಬೇಡ. ರೆಫರಿ ನಿಯಮ ಬರೆಯುವವನಲ್ಲ, ಬರೆದದ್ದನ್ನು ಕಾಯುವವನು. ತೀರ್ಪುಗಾರನೂ ತನ್ನ ಒಲವಿನಂತೆ ಒಬ್ಬರಿಗೆ ಬಿಟ್ಟು ಒಬ್ಬರಿಗೆ ಬಿಡದೆ ಹೋದರೆ ಆಟಕ್ಕೆ ಬೇರೆಯೇ ರೋಗ ಹತ್ತುತ್ತದೆ. ಆದ್ದರಿಂದ ಪ್ರಶ್ನೆಯನ್ನು ರೆಫರಿಗೆ ಕೇಳಬಾರದು, ನಿಯಮ ಬರೆದವರಿಗೆ ಕೇಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಆಟಕ್ಕೆ ಅಡ್ಡಿಮಾಡದ, ಯಾರನ್ನೂ ಹೀನಾಯ ಮಾಡದ, ತನ್ನ ಹೆಸರು ಹಾಕಿ ಹೇಳುವ ಮಾತಿಗೆ ಮೈದಾನದಲ್ಲಿ ಜಾಗವಿರಬೇಕು. ಒಪ್ಪದವರಿಗೆ ಒಪ್ಪದಿರುವ ಜಾಗವೂ ಇರಬೇಕು. ನಿಮ್ಮ ಚರ್ಚಾ ಸ್ಪರ್ಧೆಗೆ ಇದನ್ನೊಂದು ವಿಷಯವಾಗಿ ಇಟ್ಟುಕೊಳ್ಳಿ. ನನ್ನ ವಿರುದ್ಧವಾಗಿ ವಾದಿಸುವವರು ಹೆಚ್ಚಿದ್ದರೆ ಇನ್ನೂ ಒಳ್ಳೆಯದು.

ಒಲಾಂಗ ಅವರಿಗೆ ಏನಾಯಿತೆಂದು ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಅವರ ಕ್ಲಬ್ ಅವರನ್ನು ಹೊರಹಾಕಿತು. ಆಡುವ ಹನ್ನೊಂದರಿಂದಲೂ ಹೊರಬಿದ್ದರು. ಸರ್ಕಾರದ ಮಂತ್ರಿಯೊಬ್ಬರು ಅವರನ್ನು ಬಿಳಿಯರ ಮುಖವಾಡ ತೊಟ್ಟ ಕರಿಯನೆಂದು ಜರಿದರು. ಕೊಲೆ ಬೆದರಿಕೆಗಳು ಬಂದವು, ದೇಶದ್ರೋಹದ ಆರೋಪದ ಮಾತು ಕೇಳಿಬಂತು. ಅಲ್ಲಿ ಆ ಅಪರಾಧಕ್ಕೆ ಮರಣದಂಡನೆಯಿತ್ತು. ದೇಶ ಬಿಟ್ಟು ಹೋಗುವುದು ಹೇಗೆ? ಇಲ್ಲಿ ಒಂದು ಮಳೆಯ ಕಥೆಯಿದೆ. ಮಾರ್ಚ್ 4ರಂದು ಬುಲವಾಯೊದಲ್ಲಿ ಪಾಕಿಸ್ತಾನದೊಂದಿಗೆ ನಡೆಯಬೇಕಿದ್ದ ಪಂದ್ಯ ಮಳೆಯಲ್ಲಿ ಕೊಚ್ಚಿಹೋಯಿತು, ಅಂಕಗಳನ್ನು ಹಂಚಿದರು. ಇಂಗ್ಲೆಂಡ್ ಬಿಟ್ಟುಕೊಟ್ಟ ಅಂಕಗಳ ಜೊತೆಗೆ ಇದೂ ಸೇರಿ ಜಿಂಬಾಬ್ವೆ ಮುಂದಿನ ಸುತ್ತಿಗೆ ಹೋಯಿತು. ಮುಂದಿನ ಸುತ್ತಿನ ಅವರ ಪಂದ್ಯಗಳು ನಡೆದದ್ದು ದಕ್ಷಿಣ ಆಫ್ರಿಕಾದಲ್ಲಿ. ತಂಡದೊಂದಿಗೆ ಒಲಾಂಗ ಗಡಿ ದಾಟಿದರು. ಆ ಮಳೆ ತನ್ನ ಜೀವ ಉಳಿಸಿತೆಂದು ಅವರು ನಂತರ ಹೇಳಿಕೊಂಡಿದ್ದಾರೆ.

ಮಾರ್ಚ್ 15ರಂದು ಈಸ್ಟ್ ಲಂಡನ್ ಎಂಬ ಊರಿನಲ್ಲಿ ಶ್ರೀಲಂಕಾ ವಿರುದ್ಧದ ಪಂದ್ಯದೊಂದಿಗೆ ಜಿಂಬಾಬ್ವೆಯ ವಿಶ್ವಕಪ್ ಮುಗಿಯಿತು. ಫ್ಲವರ್ ಮತ್ತು ಒಲಾಂಗ ಇಬ್ಬರೂ ನಿವೃತ್ತರಾದರು. ಫ್ಲವರ್ ಮುಂದೆ ಇಂಗ್ಲೆಂಡ್ ತಂಡದ ತರಬೇತುದಾರರಾಗಿ ದೊಡ್ಡ ಹೆಸರು ಮಾಡಿದರು. ಒಲಾಂಗ ಅವರಿಗೆ ಆಗ 26 ವರ್ಷ. ವೇಗದ ಬೌಲರಿಗೆ ಅದು ಅರಳುವ ವಯಸ್ಸು. ಅವರು ತಲೆಮರೆಸಿಕೊಂಡಿದ್ದು, ಅಲ್ಲಿಂದ ಇಂಗ್ಲೆಂಡಿಗೆ, ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು, ಹಾಡುವುದನ್ನು ಬಿಡಲಿಲ್ಲ. ಟೆಸ್ಟ್ ಕ್ರಿಕೆಟ್ಟನ್ನು ಮತ್ತೆಂದೂ ಆಡಲಿಲ್ಲ.

ಅದಾಗಿ ಎಂಟು ದಿನಕ್ಕೆ, ಮಾರ್ಚ್ 23ರಂದು, ಜೋಹಾನ್ಸ್‌ಬರ್ಗಿನಲ್ಲಿ ವಿಶ್ವಕಪ್ ಫೈನಲ್. ಭಾರತ ಆಸ್ಟ್ರೇಲಿಯಾಕ್ಕೆ ಸೋತಿತು. ಶ್ರೀನಾಥ್ ಅವರಿಗೂ ಅದೇ ಕೊನೆಯ ಅಂತಾರಾಷ್ಟ್ರೀಯ ಪಂದ್ಯವಾಯಿತು. ಲೆಸ್ಟರ್‌ನಲ್ಲಿ ಎದುರುಬದುರಾಗಿದ್ದ ಇಬ್ಬರು ವೇಗದ ಬೌಲರುಗಳು ಹೀಗೆ ಒಂದೇ ತಿಂಗಳಲ್ಲಿ, ಒಂದೇ ದೇಶದಲ್ಲಿ ಆಟ ಮುಗಿಸಿದರು. ಶ್ರೀನಾಥ್ ವಿಮಾನ ಹತ್ತಿ ಮನೆಗೆ ಬಂದರು.